25 ಪದಗಳ ಪ್ರೇಮಪತ್ರ

ಕ್ರೈಸ್ತ ಪ್ರೇಮಕಾದಂಬರಿ ಎಂದ ಮೇಲೆ ಕೊನೆಯ ಅಧ್ಯಾಯದಲ್ಲಿ ನಾಯಕಿ ಮೊಣಕಾಲೂರಿ ಪ್ರಾರ್ಥಿಸಬೇಕು, ಅಷ್ಟರಲ್ಲಿ ಯುದ್ಧಕ್ಕೆ ಹೋದವನು ಬಂದು ಬಾಗಿಲು ತಟ್ಟಬೇಕು. ಓದುವವರಿಗೆ ಬೇಕಾದದ್ದು ಇದೇ ಎಂದು ನನಗೆ ಹೇಳಿದವರು ಹಲವರು. ಎರಡನೆಯ ಮಹಾಯುದ್ಧದ ಕಾಲದ ಕೋಲಾರವನ್ನು ಇಟ್ಟುಕೊಂಡು ಬರೆಯಲು ಕೂತಾಗ ನಾನು ಹಾಕಿಕೊಂಡ ಕಟ್ಟಳೆ ಒಂದೇ: ಪ್ರಾರ್ಥನೆ ಯಾರನ್ನೂ ಊರಿಗೆ ಕರೆತರಬಾರದು. ಲೇಖಕಿಯೇ ಗಂಟು ಬಿಚ್ಚಿ, ದೇವರು ಬಿಚ್ಚಿದ ಎಂದರೆ ಓದುವವರು ನಂಬುತ್ತಾರೆಯೇ?

ಯುದ್ಧವನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಮೈಸೂರು ಸಂಸ್ಥಾನದ ಒಂದು ಪದಾತಿ ದಳ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಆ ನಗರ ಜಪಾನೀಯರಿಗೆ ಶರಣಾದಾಗ ಆ ದಳವೂ ಸೆರೆಯಾಯಿತು. ನನ್ನ ನಾಯಕ ಪ್ರಭುದಾಸ ಅದರಲ್ಲಿ ಗುಮಾಸ್ತ. ಪ್ರೊಟೆಸ್ಟೆಂಟರಲ್ಲಿ ಒಂದು ಪಂಗಡವಾದ ಮೆಥೋಡಿಸ್ಟ್ ಸಭೆಗೆ ಸೇರಿದ ಕೋಲಾರದ ಮನೆತನದವನು. ಆರೋಗ್ಯಮೇರಿ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಗಣಿಗಿಳಿಯುವವರ ಮಗಳು. ಮನೆಮಾತು ತಮಿಳು, ಕಥೋಲಿಕಳು, ಕೋಲಾರದ ಇಟಿಸಿಎಂ ಎಂಬ ಮೆಥೋಡಿಸ್ಟ್ ಮಿಶನ್ ಆಸ್ಪತ್ರೆಯಲ್ಲಿ ನರ್ಸ್.

ಇಬ್ಬರೂ ಕ್ರೈಸ್ತರೇ ತಾನೇ, ಇನ್ನೇನು ಅಡ್ಡಿ ಎಂದು ಹೊರಗಿನವರು ಕೇಳುತ್ತಾರೆ. ಅಡ್ಡಿ ಇದ್ದದ್ದೇ ಅಲ್ಲಿ. ಕ್ರೈಸ್ತರಾಗುವ ಒಂದೇ ಸಂಸ್ಕಾರಕ್ಕೆ ಅವನದು ದೀಕ್ಷಾಸ್ನಾನ ಎಂಬ ಹೆಸರು, ಅವಳದು ಜ್ಞಾನಸ್ನಾನ. ಅವನ ಸಭೆಯ ಪಾದ್ರಿ ಅಯ್ಯನವರಿಗೆ ಹೆಂಡತಿ ಮಕ್ಕಳಿದ್ದಾರೆ, ಅವಳ ಗುರುಗಳು ಬ್ರಹ್ಮಚಾರಿ. ಜಾತಿಯ ಮಾತು ಬೇರೆ. ಅದನ್ನು ಬಿಟ್ಟು ನಮ್ಮ ಕಡೆಯ ಮದುವೆಯ ಕಥೆ ಬರೆಯುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ.

ಇದನ್ನು ಮಾತಿನಲ್ಲಿ ಚರ್ಚಿಸದೆ ಅವನನ್ನು ಒಂದು ಭಾನುವಾರ ಅವಳ ದೇವಾಲಯಕ್ಕೆ ಕಳಿಸಿದೆ. ಕೋಲಾರದಿಂದ ಚಿಕ್ಕ ರೈಲು, ಬೌರಿಂಗ್‌ಪೇಟೆಯಲ್ಲಿ (ಇಂದಿನ ಬಂಗಾರಪೇಟೆ) ಇಳಿದು ಮಾರಿಕುಪ್ಪಂ ಕಡೆಯ ದೊಡ್ಡ ರೈಲು. ಕಥೋಲಿಕರ ಮುಖ್ಯ ಆರಾಧನೆಯಾದ ಬಲಿಪೂಜೆ ಲ್ಯಾಟಿನ್‌ನಲ್ಲಿ, ಪ್ರಸಂಗ ತಮಿಳಿನಲ್ಲಿ. ಕನ್ನಡ ಕೀರ್ತನೆಗಳನ್ನು ಗಟ್ಟಿಯಾಗಿ ಹಾಡಿ ಬೆಳೆದವನಿಗೆ ಇಲ್ಲಿ ಬಾಯಿಗೆ ಕೆಲಸವಿಲ್ಲ. ಎಲ್ಲರೂ ಮೊಣಕಾಲೂರಿದಾಗ ಇವನೊಬ್ಬನೇ ನಿಂತಿದ್ದಾನೆ. ಇವನು ಊರುವಷ್ಟರಲ್ಲಿ ಎಲ್ಲರೂ ಎದ್ದಿದ್ದಾರೆ. ಹೆಂಗಸರ ಸಾಲಿನಲ್ಲಿ ತಲೆಯ ಮೇಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳು ನಗು ತಡೆಯುತ್ತಿದ್ದಾಳೆ. ಪುಸ್ತಕದಲ್ಲಿ ಪ್ರೇಮದ ದೃಶ್ಯ ಎಂದು ನಾನು ಬರೆದದ್ದು ಮುಖ್ಯವಾಗಿ ಇದನ್ನೇ.

ಕಾಲಕ್ಕೆ ಹೊಂದದ ಮಾತು ನುಸುಳದಂತೆ ಕಾಯುವುದು ಬೇಸರದ ಕೆಲಸ, ಆದರೆ ಬೇಕು. ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಹುಟ್ಟಿದ್ದೇ 1947ರ ಸೆಪ್ಟೆಂಬರ್‌ನಲ್ಲಿ. ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆಯನ್ನು ಅದಕ್ಕೂ ಮೊದಲಿನ ಕಥೆಯಲ್ಲಿ ಲಂಡನ್ ಮಿಶನ್ನಿನದು ಎಂದೇ ಬರೆಯಬೇಕು. ಚಿಕ್ಕಬಳ್ಳಾಪುರ ಆಗ ಕೋಲಾರ ಜಿಲ್ಲೆಯೊಳಗೇ ಇತ್ತು.

ಸೆರೆಯಾದ ಎರಡು ದಿನಕ್ಕೆ ಭಾರತೀಯ ಸಿಪಾಯಿಗಳನ್ನು ಸಿಂಗಪುರದ ಫ್ಯಾರರ್ ಪಾರ್ಕ್‌ನಲ್ಲಿ ಕೂಡಿಸಿ, ಬ್ರಿಟಿಷರ ವಿರುದ್ಧ ಹೋರಾಡಲು ಬನ್ನಿ ಎಂದು ಜಪಾನೀಯರ ಜೊತೆ ಸೇರಿದ್ದ ಕ್ಯಾಪ್ಟನ್ ಮೋಹನ್ ಸಿಂಗ್ ಕರೆ ಕೊಟ್ಟರು. ಭಾರತೀಯ ರಾಷ್ಟ್ರೀಯ ಸೇನೆ (ಐಎನ್‌ಎ) ಬೆಳೆದದ್ದು ಅಲ್ಲಿಂದ. ಪ್ರಭುದಾಸ ಹೋಗಬೇಕೋ ಬೇಡವೋ? ದೇವರು ಅವನಿಗೆ ದಾರಿ ತೋರಿಸಿದನೆಂದು ಬರೆಯುವುದು ಸುಲಭವಿತ್ತು. ಆದರೆ ಹೋದವರೂ ಪ್ರಾರ್ಥಿಸಿಯೇ ಹೋದರು, ಉಳಿದವರೂ ಪ್ರಾರ್ಥಿಸಿಯೇ ಉಳಿದರು ಎಂದು ಬರೆದೆ. ಅವನು ಉಳಿದ. ಪಕ್ಕದಲ್ಲಿ ಮಲಗುತ್ತಿದ್ದ ಗೆಳೆಯ ಹೋದ. ಯಾರದು ಸರಿ ಎಂದು ಕಾದಂಬರಿ ಹೇಳುವುದಿಲ್ಲ.

ಹೆಚ್ಚು ಒದ್ದಾಡಿಸಿದ್ದು ಪತ್ರ. ಜಪಾನೀಯರ ಸೆರೆಯಲ್ಲಿದ್ದವರಿಗೆ ಬರೆಯುವ ಪತ್ರ 25 ಪದ ದಾಟಬಾರದು ಎಂಬ ನಿಯಮ ಯುದ್ಧದ ನಡುವೆ ಬಂತು. ಅಲ್ಲಿಯವರೆಗೆ ಅವಳು ಅವನ ಹೆಸರನ್ನು ಬಾಯಲ್ಲಿ ಹೇಳಿದವಳೇ ಅಲ್ಲ, ವಿಳಾಸಕ್ಕಾಗಿ ಬರೆಯಲೇಬೇಕಾಯಿತು. ಎಷ್ಟೋ ಸಲ ಅಳಿಸಿ ತಿದ್ದಿದ ಮೇಲೆ ನಿಂತದ್ದು ಇಷ್ಟು:

"ನಾನು ಕ್ಷೇಮ. ಅಮ್ಮನ ಕೆಮ್ಮು ಕಡಿಮೆಯಾಗಿದೆ. ಈ ವರ್ಷ ರಾಗಿ ಚೆನ್ನಾಗಿ ಬಂದಿದೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ನಿಮ್ಮ ತಂದೆಯವರು ಭಾನುವಾರ ನನ್ನನ್ನು ಕಂಡರೆ ಈಗ ಮಾತನಾಡಿಸುತ್ತಾರೆ. ನಿಮ್ಮ ಕೊಡೆ ಇನ್ನೂ ನನ್ನಲ್ಲೇ ಇದೆ."

ಇದರಲ್ಲಿ ದೇವರೂ ಇಲ್ಲ, ಪ್ರೀತಿಯೂ ಇಲ್ಲ ಎಂದು ಕರಡು ಓದಿದ ಗೆಳತಿ ಮುಖ ಗಂಟಿಕ್ಕಿದಳು. ಮೆಥೋಡಿಸ್ಟ್ ಮಾವ ಕಥೋಲಿಕ ಹುಡುಗಿಯನ್ನು ನಿಲ್ಲಿಸಿ ಮಾತನಾಡಿಸುತ್ತಾನೆ ಎಂಬಲ್ಲಿ ಎರಡೂ ಇವೆ ಎಂದೆ. ಒಪ್ಪಲಿಲ್ಲ.

ಅವನು ಹಿಂದಿರುಗಿದ್ದು 1945ರ ಕೊನೆಗೆ, ಜಪಾನ್ ಸೋತದ್ದರಿಂದ. ಪ್ರೇಮಕಾದಂಬರಿಗೆ ವಾಡಿಕೆಯ ಮದುವೆಯ ದೃಶ್ಯ ನನಗೆ ದಕ್ಕಲಿಲ್ಲ. ಆ ಕಾಲದ ಕಥೋಲಿಕ ಕಟ್ಟಳೆಯಂತೆ ಇಂಥ ಮದುವೆಗೆ ವಿಶೇಷ ಅನುಮತಿ ಬೇಕು. ಹುಟ್ಟುವ ಮಕ್ಕಳೆಲ್ಲ ಕಥೋಲಿಕರಾಗಿಯೇ ಬೆಳೆಯುತ್ತಾರೆ ಎಂದು ಇಬ್ಬರೂ ಕಾಗದದ ಮೇಲೆ ಮಾತು ಕೊಡಬೇಕು. ಮದುವೆಯ ಬಲಿಪೂಜೆಯಿಲ್ಲ, ಸಾಮಾನ್ಯವಾಗಿ ದೇವಾಲಯದೊಳಗೆ ಮದುವೆಯೂ ಇಲ್ಲ. ಹಾಗಾಗಿ ಗುರುಗಳ ಮನೆಯ ಕೋಣೆಯಲ್ಲಿ, ಮೇಜಿನ ಮುಂದೆ ಮುಗಿಸಿದೆ. ಬರ್ಮಾ ಜಪಾನೀಯರ ಪಾಲಾದಾಗಿನಿಂದ ಅಲ್ಲಿನ ಅಕ್ಕಿ ನಿಂತು ಎಲ್ಲೆಡೆ ಅಭಾವ. ಮದುವೆಯೂಟಕ್ಕೆ ಮುದ್ದೆ, ಹುರುಳಿ ಸಾರು, ಮಕ್ಕಳಿಗಷ್ಟೇ ಅನ್ನ.

ಪುಸ್ತಕ ಓದಿದ ನಮ್ಮ ಸಭೆಯ ಹಿರಿಯರೊಬ್ಬರು, "ಹುಡುಗ ಆ ಕಾಗದಕ್ಕೆ ಸಹಿ ಹಾಕಿದ್ದನ್ನು ಮುಂದಿನ ಮುದ್ರಣದಲ್ಲಾದರೂ ತೆಗೆದುಬಿಡಮ್ಮ" ಎಂದರು. ತೆಗೆಯುವುದಿಲ್ಲ ಎಂದಿದ್ದೇನೆ. ಮೊದಲು ಮುಂದಿನ ಮುದ್ರಣ ಬರಬೇಕಲ್ಲ!