ಇಸ್ರೇಲಿಗೆ ಹೊಸದಾಗಿ ಬಂದವರಿಗೆ: ಟು ಬಿಶ್ವಾತ್ ದಿನ ಯಾರಾದ್ರೂ ಮನೆಗೆ ಕರೆದ್ರೆ

ಜನವರಿ ಬರ್ತಿದ್ದ ಹಾಗೆ ಇಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಒಣ ಅಂಜೂರ, ಖರ್ಜೂರ, ಆಪ್ರಿಕಾಟ್ ಡಬ್ಬಗಳನ್ನ ರಾಶಿ ಹಾಕಿರ್ತಾರೆ, ಹೊಸಬರು ಏನೋ ಆಫರ್ ಇರ್ಬೇಕು ಅಂದ್ಕೋತಾರೆ. ಅದು ಟು ಬಿಶ್ವಾತ್ ತಯಾರಿ. ಯಹೂದಿ ಪಂಚಾಂಗದ ಶ್ವಾತ್ ತಿಂಗಳ 15ನೇ ದಿನ, ಮರಗಳ ಹೊಸ ವರ್ಷ. ಇವ್ರ ತಿಂಗಳೂ ಚಂದ್ರನ ಲೆಕ್ಕದ್ದೇ, ಹಾಗಾಗಿ 15 ಅಂದ್ರೆ ಹುಣ್ಣಿಮೆ ಆಸುಪಾಸು, ನಮ್ಮ ಪುಷ್ಯ ಹುಣ್ಣಿಮೆಗೋ ಮಾಘ ಹುಣ್ಣಿಮೆಗೋ ಹತ್ರ ಬೀಳತ್ತೆ. ಅಧಿಕ ಮಾಸನೂ ಇದೆ ಇವ್ರಿಗೆ, ಅದಕ್ಕೇ ಇಂಗ್ಲಿಷ್ ಡೇಟು ಒಂದ್ಸಲ ಜನವರಿ ಒಂದ್ಸಲ ಫೆಬ್ರವರಿ.

ಮೊದ್ಲೇ ಹೇಳ್ಬಿಡ್ತೀನಿ, ರಜೆ ಇಲ್ಲ. ಬ್ಯಾಂಕು, ಆಫೀಸು, ಬಸ್ಸು ಎಲ್ಲ ಮಾಮೂಲಿ. ಪೆಸಹ್ ಥರ ಮನೆಯೆಲ್ಲ ತೊಳೆದು ಬಳಿದು ಮಾಡೋ ಗಲಾಟೆನೂ ಇಲ್ಲ, ಯೋಮ್ ಕಿಪ್ಪುರ್ ಥರ ಉಪವಾಸನೂ ಇಲ್ಲ. ಕೂತ್ಕೊಂಡು ಹಣ್ಣು ತಿನ್ನೋದು, ಅಷ್ಟೇ. ನನ್ನ ಕೇಳಿದ್ರೆ ನಮ್ಮಂಥೋರು ಸಂಕೋಚ ಇಲ್ಲದೆ ಹೋಗಿ ಕೂರಬಹುದಾದ ಹಬ್ಬ ಇದೇ, ಸಸ್ಯಾಹಾರಿಗಳಿಗಂತೂ ತಟ್ಟೆಲಿ ಏನಿದೆ ಅಂತ ಕೇಳೋ ಪ್ರಮೇಯನೇ ಬರಲ್ಲ.

ಹುಟ್ಟಿದ್ದು ಹಬ್ಬ ಅಂತ ಅಲ್ಲ, ಲೆಕ್ಕಕ್ಕೆ. ಜೆರುಸಲೇಮಲ್ಲಿ ದೇವಾಲಯ ಇದ್ದ ಕಾಲದಲ್ಲಿ ಮರದ ಫಸಲಲ್ಲಿ ಹತ್ತರಲ್ಲೊಂದು ಪಾಲು ಎತ್ತಿಡ್ಬೇಕಿತ್ತು, ಈ ದಿನಕ್ಕಿಂತ ಮುಂಚೆ ಕಾಯಿ ಕಚ್ಚಿದ್ದು ಹಳೆ ವರ್ಷದ ಖಾತೆಗೆ, ಆಮೇಲಿನದ್ದು ಹೊಸ ವರ್ಷಕ್ಕೆ, ನಮ್ಮಲ್ಲಿ ಮಾರ್ಚ್ 31 ಇದ್ದ ಹಾಗೆ ಅನ್ಕೊಳ್ಳಿ. ಅದಕ್ಕೂ ಜಗಳ ಆಗಿತ್ತು, ಆ ಕಾಲದ ಇಬ್ಬರು ದೊಡ್ಡ ಧರ್ಮಗುರುಗಳಲ್ಲಿ ಶಮ್ಮಾಯ್ ಕಡೆಯೋರು ತಿಂಗಳ 1ನೇ ತಾರೀಖು ಅಂದ್ರು, ಹಿಲ್ಲೆಲ್ ಕಡೆಯೋರು 15 ಅಂದ್ರು, ಹಿಲ್ಲೆಲ್ ಕಡೆಯೋರ ಮಾತೇ ನಿಂತಿತು. ಹಣ್ಣಿನ ಊಟದ ಪದ್ಧತಿ ಬಂದಿದ್ದು 16ನೇ ಶತಮಾನದ ಸುಮಾರಿಗೆ ಉತ್ತರದ ಸ್ಫಾತ್ ಊರಿನ ಕಬ್ಬಾಲಾ ಅನ್ನೋ ಯಹೂದಿ ಅನುಭಾವಿ ಪಂಥದವರ ಕಡೆಯಿಂದ. ಗಿಡ ನೆಡೋದು ಅದಕ್ಕಿಂತ ಈಚಿನದು, 1890ರಲ್ಲಿ ಝಿಖ್ರೋನ್ ಯಾಕೊವ್‌ನಲ್ಲಿ ಝೆಯೆವ್ ಯಾವೆಟ್ಸ್ ಅನ್ನೋ ಮೇಷ್ಟ್ರು ಶಾಲೆ ಮಕ್ಕಳನ್ನ ಕರ್ಕೊಂಡು ಹೋಗಿ ನೆಡಿಸಿದ್ರು, ಈಗ ಎಷ್ಟೋ ಶಾಲೆಗಳು ಅದನ್ನೇ ಮಾಡ್ತವೆ. ನಿಮ್ಮ ಮಗು ಗಾನ್‌ಗೆ, ಅಂದ್ರೆ ಶಿಶುವಿಹಾರಕ್ಕೆ ಹೋಗ್ತಿದ್ರೆ ಒಣ ಹಣ್ಣು ಕಳಿಸಿ ಅಂತ ವಾಟ್ಸಾಪ್ ಬರತ್ತೆ, ಗಿಡ ನೆಡೋ ದಿನ ಮಾತ್ರ ಹಳೇ ಬಟ್ಟೆ, ಬೂಟು ಹಾಕಿ ಕಳಿಸಿ, ಆ ಟೈಮಲ್ಲಿ ಇಲ್ಲಿ ಮಳೆಗಾಲ, ಕೆಸರೋ ಕೆಸರು.

ಈಗ ಮನೆ ವಿಷ್ಯ. ಎಷ್ಟೋ ಮನೇಲಿ ಸಂಜೆ ಒಂದು ದೊಡ್ಡ ತಟ್ಟೆ ಇಟ್ಟು ಮುಗಿಸ್ತಾರೆ. ಸೇದೆರ್, ಅಂದ್ರೆ ಶಾಸ್ತ್ರಬದ್ಧವಾಗಿ ಹಣ್ಣಿನ ಊಟ ಮಾಡೋ ಮನೆ ಆದ್ರೆ ಕ್ರಮ ಇದೆ, ನಾಲ್ಕು ಲೋಟ ವೈನ್, ಮೊದಲನೇದು ಪೂರ್ತಿ ಬಿಳಿ, ಆಮೇಲೆ ಅದಕ್ಕೆ ಸ್ವಲ್ಪ ಸ್ವಲ್ಪ ಕೆಂಪು ಸೇರಿಸ್ತಾ ಕೊನೇದು ಕೆಂಪು. ಹಣ್ಣಲ್ಲೂ ಮೂರು ಗುಂಪು: ಹೊರಗೆ ಸಿಪ್ಪೆ ಗಟ್ಟಿ ಇರೋವು, ಬಾದಾಮಿ ಅಕ್ರೋಟು ಥರದ್ದು, ಒಳಗೆ ಬೀಜ ಗಟ್ಟಿ ಇರೋವು, ಖರ್ಜೂರ ಆಲಿವ್, ಪೂರ್ತಿ ತಿನ್ನಬಹುದಾದ್ದು ಅಂಜೂರ ದ್ರಾಕ್ಷಿ. ಬೈಬಲಲ್ಲಿ ಈ ನಾಡಿನ ಬೆಳೆ ಅಂತ ಹೇಳಿರೋ ಏಳು, ಅಂದ್ರೆ ಗೋಧಿ, ಬಾರ್ಲಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್, ಖರ್ಜೂರ, ಇವಕ್ಕೆ ಮೊದಲ ಮರ್ಯಾದೆ. ಕೆಲವು ಮನೇಲಿ ಸುಕ್ಕೋತ್ ಹಬ್ಬಕ್ಕೆ ತಂದಿದ್ದ ಎತ್ರೋಗ್, ನಮ್ಮ ಮಾದಲ ಹಣ್ಣಿನ ಜಾತಿದು, ಅದರ ಜಾಮ್ ಇಟ್ಟಿರ್ತಾರೆ, ಸಿಕ್ರೆ ಬಿಡ್ಬೇಡಿ.

ಮಡಿ ಜಾಸ್ತಿ ಇರೋ ಮನೆಗೆ ಹೋದ್ರೆ ಎರಡು ಮೂರು ವಿಷ್ಯ ಗೊತ್ತಿರ್ಲಿ. ವೈನ್ ಬಾಟಲಿ ನೀವು ತೆಗೆಯೋಕೆ, ಬೇರೆಯವರಿಗೆ ಬಗ್ಗಿಸೋಕೆ ಹೋಗ್ಬೇಡಿ, ಮೆವುಶಾಲ್ ಅಂದ್ರೆ ಕಾಯಿಸಿದ ವೈನ್ ಅಲ್ದಿದ್ರೆ ಯಹೂದಿ ಅಲ್ಲದವರು ಬಗ್ಗಿಸಿದ್ದು ಅವ್ರು ಕುಡಿಯಲ್ಲ, ಬೇಜಾರು ಮಾಡ್ಕೊಳ್ಳೋ ವಿಷ್ಯ ಅಲ್ಲ ಅದು, ಅವ್ರ ನಿಯಮ. ಹಣ್ಣು ತಗೊಂಡು ಹೋಗೋದಾದ್ರೆ ಕಶ್ರೂತ್, ಅಂದ್ರೆ ಯಹೂದಿ ಆಹಾರ ನಿಯಮದ ಸರ್ಟಿಫಿಕೇಟ್ ಇರೋ ಅಂಗಡಿಯದ್ದೇ ತಗೊಳ್ಳಿ, ಹಿತ್ತಲಲ್ಲಿ ಕಿತ್ತ ನಿಂಬೆ ಕಿತ್ತಳೆ ಪ್ರೀತಿಯಿಂದ ಕೊಟ್ರೂ ಮೇಲೆ ಹೇಳಿದ ಪಾಲು ಎತ್ತಿಡದೆ ಮುಟ್ಟಲ್ಲ, ಆ ನಿಯಮ ಈಗ್ಲೂ ನಡೀತಿದೆ. ಅಂಜೂರ ಕೈಗೆ ಬಂದ ತಕ್ಷಣ ಬಾಯಿಗೆ ಹಾಕ್ಬೇಡಿ, ಅಜ್ಜಿ ಅದನ್ನ ಎರಡು ಸೀಳು ಮಾಡಿ ಒಳಗಿನ ಬೀಜ ಬೆರಳಲ್ಲಿ ಸರಿಸಿ ಲೈಟಿಗೆ ಹಿಡಿದು ಹುಳ ಇದ್ಯಾ ನೋಡಿ ಆಮೇಲೆ ಕೊಡ್ತಾರೆ, ಕಾಯಿರಿ. ತಮಾಷೆ ಏನಂದ್ರೆ ಬಾಳೆಹಣ್ಣು ಅವ್ರ ಲೆಕ್ಕದಲ್ಲಿ ಮರದ ಹಣ್ಣೇ ಅಲ್ಲ, ತರಕಾರಿ ಜೊತೆ ನೆಲದ ಬೆಳೆಗೆ ಹೇಳೋ ಬ್ರಾಖಾ, ಅಂದ್ರೆ ತಿನ್ನೋ ಮುಂಚಿನ ಪ್ರಾರ್ಥನೆ, ಅದಕ್ಕೂ. ಬಾಳೆಹಣ್ಣಿಲ್ಲದೆ ಹಬ್ಬ ಮಾಡದ ನಮಗೆ ಇದು ಸ್ವಲ್ಪ ಅರಗಿಸ್ಕೊಳ್ಳೋದು ಕಷ್ಟ.

ಕೇರ್‌ಗಿವರ್ ಕೆಲಸಕ್ಕೆ ಬಂದಿರೋ ನಮ್ಮ ಮಂಗಳೂರು ಉಡುಪಿ ಕಡೆಯವರಿಗೆ ಒಂದು ಮಾತು. ಅಜ್ಜ ಅಜ್ಜಿಗೆ ಶುಗರ್ ಇದ್ರೆ ನೆಂಟರು ತಂದ ತಟ್ಟೆ ಕೈಗೆಟಕೋ ಹಾಗೆ ಇಡ್ಬೇಡಿ, ಖರ್ಜೂರ ಒಂದಾದ ಮೇಲೊಂದು ಹೋಗ್ತಿರತ್ತೆ. ಕಿಡ್ನಿ ತೊಂದರೆ ಇದ್ರೆ ಒಣ ಆಪ್ರಿಕಾಟ್, ಖರ್ಜೂರದಲ್ಲಿ ಪೊಟ್ಯಾಸಿಯಮ್ ಜಾಸ್ತಿ, ಮನೆಯವರನ್ನ ಕೇಳಿಯೇ ಕೊಡಿ. ನುಂಗೋಕೆ ಕಷ್ಟ ಪಡೋರಿಗೆ ಬಾದಾಮಿ ಬೇಡವೇ ಬೇಡ.

ಅಂಗಡಿ ಡಬ್ಬದಲ್ಲಿ ಬರೋ ಹಸಿರು ಕೆಂಪು ಬಣ್ಣದ ಪಪಾಯ, ಅನಾನಸ್ ತುಂಡು ಬರೀ ಸಕ್ಕರೆ, ದುಡ್ಡು ದಂಡ. ತೆಲ್ ಅವೀವ್ ಕಡೆಯವರು ಲೆವಿನ್ಸ್ಕಿ ಮಾರ್ಕೆಟ್‌ಗೆ, ಜೆರುಸಲೇಮ್‌ನವರು ಮಹನೇ ಯೆಹೂದಾಗೆ ಹೋಗಿ ತೂಕದಲ್ಲಿ ತಗೊಳ್ಳಿ, ಮಜ್ಹೂಲ್ ಖರ್ಜೂರ ಇಲ್ಲೇ ಅರಾವಾ, ಜೋರ್ಡಾನ್ ಕಣಿವೆಲಿ ಬೆಳೆಯೋದು, ಊರಲ್ಲಿ ಇಷ್ಟು ಮೆತ್ತಗಿರೋದು ಸಿಗಲ್ಲ.

ಅಶ್ದೋದ್, ದಿಮೋನಾ, ಲೋದ್ ಕಡೆ ಇದ್ರೆ ಬೆನೆ ಇಸ್ರೇಲ್ ಮನೆ ಯಾವ್ದಾದ್ರೂ ಪರಿಚಯ ಮಾಡ್ಕೊಳ್ಳಿ. ಕೊಂಕಣದಿಂದ ಬಂದ ಮರಾಠಿ ಮಾತಾಡೋ ಯಹೂದಿಗಳು ಇವ್ರು. ಪ್ರವಾದಿ ಎಲಿಯಾಹು ಅಲಿಬಾಗ್ ಹತ್ರದ ಖಂಡಾಲಾದಲ್ಲಿ ಕಾಣಿಸ್ಕೊಂಡು ಹೋದ ಅಂತ ಅವ್ರ ನಂಬಿಕೆ, ಟು ಬಿಶ್ವಾತ್ ದಿನ ಅವ್ನ ಹೆಸರಲ್ಲಿ ಮಲೀದಾ ಮಾಡ್ತಾರೆ. ಅವಲಕ್ಕಿ ನೆನೆಸಿ ಕಾಯಿತುರಿ, ಸಿಹಿ, ಏಲಕ್ಕಿ, ಒಣದ್ರಾಕ್ಷಿ ಹಾಕಿ ಕಲೆಸಿ ಸುತ್ತ ಹಣ್ಣು ಜೋಡಿಸಿ ಪ್ರಾರ್ಥನೆ ಮಾಡಿ ಹಂಚೋದು. ನೋಡಿದ ಕೂಡ್ಲೇ ನಮ್ಮನೆ ಸಿಹಿ ಅವಲಕ್ಕಿ ಅಂತೀರಾ, ಮತ್ತೆ ಅಲ್ಲಿ ಬಾಳೆಹಣ್ಣೂ ಇರತ್ತೆ.

2027ರಲ್ಲಿ ಇದು ಜನವರಿ 22 ಸಂಜೆಯಿಂದ 23 ಸಂಜೆವರೆಗೆ, ಅಂದ್ರೆ ಶುಕ್ರವಾರ ರಾತ್ರಿ, ಶಬ್ಬಾತ್, ಅಂದ್ರೆ ಅವ್ರ ವಾರದ ವಿಶ್ರಾಂತಿ ದಿನದ ಜೊತೆಗೇ ಬಂದಿದೆ. ಗಿಡ ನೆಡೋದೆಲ್ಲ ಬೇರೆ ದಿನ ಇಟ್ಕೋತಾರೆ. ಹೋಗೋರು ಶುಕ್ರವಾರ ಮಧ್ಯಾಹ್ನದೊಳಗೆ ಹಣ್ಣು ತಗೊಂಡು ಬಸ್ ನಿಲ್ಲೋ ಮುಂಚೆ ತಲುಪ್ಕೊಳ್ಳಿ, ರಾತ್ರಿ ಉಳಿಯೋಕೆ ಜಾಗ ಇದ್ಯಾ ಅಂತ ಮೊದ್ಲೇ ಕೇಳಿಟ್ಕೊಂಡಿರಿ.