ಕರಿ ಕಂಬಳಿ ಮೇಲೆ ಕರೀನಾ ನೆಬ್ಯುಲಾ

2022ರ ಜುಲೈನಲ್ಲಿ ಬಾಹ್ಯಾಕಾಶದಲ್ಲಿರೋ ಜೇಮ್ಸ್ ವೆಬ್ ಟೆಲಿಸ್ಕೋಪಿನ ಮೊದಲ ಫೋಟೋಗಳು ಬಂದ್ವಲ್ಲ, ಅದ್ರಲ್ಲಿ ಕರೀನಾ ನೆಬ್ಯುಲಾದ್ದು (ನೆಬ್ಯುಲಾ ಅಂದ್ರೆ ಆಕಾಶದಲ್ಲಿರೋ ಅನಿಲ, ಧೂಳಿನ ದೊಡ್ಡ ಮೋಡ), ಕೆಳಗೆ ಕಂದು ಗುಡ್ಡದ ಸಾಲು ಥರ ಮೇಲೆಲ್ಲಾ ನೀಲಿ, ಅದನ್ನ ನೋಡಿದ ದಿನದಿಂದ ಬಟ್ಟೇಲಿ ಮಾಡ್ಲೇಬೇಕು ಅಂತ ತಲೇಲಿ ಕೂತ್‌ಬಿಟ್ಟಿತ್ತು. ನಾನಿರೋದು ದಾವಣಗೆರೆ, ಬ್ಲೌಸ್ ಹೊಲಿಯೋದು ಕೆಲಸ, ಕೌದಿ ಹೊಲಿಗೆ ನಮ್ಮವ್ವನಿಂದ ಕಲ್ತಿದ್ದು.

ಮೊದಲು ಕರಿ ಪಾಪ್ಲಿನ್ ಮೇಲೆ ಶುರು ಮಾಡ್ದೆ, ಜೀವಾನೇ ಇರ್ಲಿಲ್ಲ. ಆಮೇಲೆ ಚಳ್ಳಕೆರೆ ಕಡೆಯ ಕುರಿ ಕಂಬಳಿ ತಗೊಂಡೆ. ಅದು ಬಣ್ಣ ಹಾಕಿದ ಕಪ್ಪಲ್ಲ, ಕುರೀದೇ ಕಪ್ಪು, ಹತ್ರ ಹಿಡಿದು ನೋಡಿದ್ರೆ ನಡುನಡುವೆ ಕಂದು ಕೂದಲು ಹೊಳೀತವೆ, ರಾತ್ರಿ ಆಕಾಶಕ್ಕೆ ಅದಕ್ಕಿಂತ ಒಳ್ಳೇದು ನಂಗೆ ಸಿಕ್ಕಿಲ್ಲ. ಆದ್ರೆ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರ್ತಾರೆ, ಹೊಸ ಕಂಬಳಿ ಹಲಗೆ ಇದ್ದಂಗೆ, ಎರಡು ಸೂಜಿ ಮುರೀತು. ನೀವು ತಣ್ಣೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ನಾನು ಅವಸರಕ್ಕೆ ಬಿಸಿನೀರು ಹಾಕಿ ಒಂದು ತುಂಡು ಮುದುಡಿ ಹಾಳಾಯ್ತು.

ಬಣ್ಣದ್ದೇ ದೊಡ್ಡ ಚಿಂತೆ ಆಗಿತ್ತು. ವೆಬ್ ನೋಡೋದು ಇನ್‌ಫ್ರಾರೆಡ್, ನಮ್ಮ ಕಣ್ಣಿಗೆ ಕಾಣದ ಬೆಳಕು, ಆ ಬಣ್ಣಗಳನ್ನ ಆಮೇಲೆ ಕೊಟ್ಟಿರೋದು ಅಂತ ಗೊತ್ತಾದಾಗ ಬೇಜಾರಾಯ್ತು, ಹಂಗಾರೆ ಸುಳ್ಳಾ ಅಂತ. ಅಲ್ಲ. ಬೆಳಕಿನ ಉದ್ದ ಅಲೆಗೆ ಕೆಂಪು, ಚಿಕ್ಕ ಅಲೆಗೆ ನೀಲಿ, ಕಾಮನಬಿಲ್ಲಿನ ಸಾಲೇ ಅದು. ಅವತ್ತಿಂದ ನಾನೂ ಅದನ್ನೇ ಹಿಡಿದೆ, ಬೇಕಾದ ಕಿತ್ತಳೆ ಸಿಗದಿದ್ರೆ ಇಟ್ಟಿಗೆ ಬಣ್ಣ ಇಟ್ಟೆ, ಆದ್ರೆ ಸಾಲು ತಪ್ಪಿಸಲಿಲ್ಲ. ಅವ್ವನ ಹರಿದ ಮೊಳಕಾಲ್ಮೂರು ರೇಷ್ಮೆ ಸೀರೆ, ಬ್ಲೌಸ್ ಪೀಸಿನ ಚೂರು, ಎಲ್ಲಾ ಎಳೆ ಎಳೆಯಾಗಿ ಕತ್ತರಿಸಿ ಹಾಸಿ, ಮೇಲೆ ತೆಳ್ಳನೆ ಕರಿ ನೆಟ್ ಹೊದಿಸಿ, ಅದರ ಮೇಲೆ ಕೌದಿ ಹೊಲಿಗೆ. ನೆಟ್ ಇಲ್ಲದಿದ್ರೆ ರೇಷ್ಮೆ ಎಳೆ ಬಿಟ್ಕೊಂಡು ಉದುರುತ್ತೆ.

ನಕ್ಷತ್ರ ಹೊಲಿಯೋರು ದಯವಿಟ್ಟು ಮೊನೆ ಎಣಿಸಿ, ಅಂದ್ರೆ ಫೋಟೋದಲ್ಲಿ ನಕ್ಷತ್ರದ ಸುತ್ತ ಚಾಚಿರೋ ಬೆಳಕಿನ ಗೆರೆಗಳು. ವೆಬ್ ಕನ್ನಡಿ 18 ಷಟ್ಕೋನದ ತುಂಡುಗಳದ್ದು, ಅದಕ್ಕೇ ಆರು ದೊಡ್ಡ ಮೊನೆ, ಮುಂದಿನ ಚಿಕ್ಕ ಕನ್ನಡಿ ಹಿಡಿದಿರೋ ಕಂಬಿಗಳಿಂದ ಅಡ್ಡಕ್ಕೆ ಇನ್ನೆರಡು ಸಣ್ಣವು. ವೆಬ್‌ಗಿಂತ ಮುಂಚಿನ ಹಬಲ್ ಟೆಲಿಸ್ಕೋಪಿನ ಫೋಟೋದಲ್ಲಾದ್ರೆ ನಾಲ್ಕೇ.

ಮುಗೀತು ಅಂದ್ಕೊಂಡು ಅವ್ವಂಗೆ ತೋರಿಸ್ದೆ. ಎಷ್ಟು ದೂರ ಐತಿ ಇದು ಅಂದ್ಲು. ಬೆಳಕು ಬರೋಕೇ ಸುಮಾರು 7,600 ವರ್ಷ ಬೇಕವ್ವ ಅಂದೆ. ಮೇಲಿನ ಮೂಲೆ ಮುಟ್ಟಿ, "ಅಷ್ಟು ದೂರದ್ದು ಇಷ್ಟು ದಪ್ಪ ಕಾಣ್ತತೇನೇ, ಬಿಚ್ಚು" ಅಂದ್ಲು. ನಿಜ, ಆರೆಳೆ ದಾರದಲ್ಲಿ ಹೊಲಿದಿದ್ದೆ. ಪೂರ್ತಿ ಬಿಚ್ಚಿ ಒಂದೆಳೇಲಿ ಮತ್ತೆ ಹೊಲಿದೆ, ಹನ್ನೊಂದು ದಿನ ಹಿಡೀತು.