ಸೈಟ್ ಪ್ಲಾನಿಗೆ ಹ್ಯಾಚ್ ಹಾಕೋದು ಹೇಗೆ? ಜೆರಾಕ್ಸಲ್ಲೂ ಗೊತ್ತಾಗೋ ಹಾಗೆ

ಹ್ಯಾಚ್ ಅಂದ್ರೆ ನಕ್ಷೇಲಿ ಒಂದೊಂದು ಜಾಗಕ್ಕೂ ಗೆರೆನೋ ಬಣ್ಣನೋ ತುಂಬಿ ಗುರುತಿಸೋದು. ಸ್ಕ್ರೀನ್ ಮೇಲೆ ಹಸಿರು ಗಾರ್ಡನ್ನು, ಕೆಂಪು ಪೇವರ್ಸು ಎಲ್ಲ ಚೆನ್ನಾಗೇ ಕಾಣುತ್ತೆ, ಆದ್ರೆ ಮೇಸ್ತ್ರಿ ಕೈಗೆ ಹೋಗೋದು ಅದರ ಜೆರಾಕ್ಸು, ಅದೂ ನಾಕು ಮಡಿಕೆ ಬಿದ್ದಿರೋದು. ನಾನು ಶುರುವಲ್ಲಿ ಗಾರ್ಡನ್ನಿಗೆ ಸಾಲಿಡ್ ಹಸಿರು ತುಂಬಿ ಮೋನೋಕ್ರೋಮ್ ಸಿಟಿಬಿಯಲ್ಲಿ (ಬಣ್ಣ ಎಲ್ಲ ಕಪ್ಪು ಮಾಡೋ ಪ್ರಿಂಟ್ ಸೆಟ್ಟಿಂಗು) ಪ್ರಿಂಟ್ ಕೊಟ್ಟಿದ್ದೆ, ಮನೆ ಗಾರ್ಡನ್ ಎರಡೂ ಒಂದೇ ಕಪ್ಪು, ಮೇಸ್ತ್ರಿ ಫೋನ್ ಮಾಡಿ "ಸಾರ್, ಸೆಟ್‌ಬ್ಯಾಕ್ ಎಲ್ಲೋಯ್ತು?" ಅಂದ್ರು, ಅಂದ್ರೆ ಮನೆ ಸುತ್ತ ಬಿಡೋ ಜಾಗ.

30×40 ಅಡಿ ಸೈಟು, ಆಟೋಕ್ಯಾಡಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಬರ್ದಿದೀವಿ ಅನ್ಕೊಳಿ. ಮೊದ್ಲು ಮನೆ, ಪೇವಿಂಗು, ಗಾರ್ಡನ್ನು, ಬರೀ ಮಣ್ಣಿನ ಜಾಗ ಒಂದೊಂದಕ್ಕೂ ಒಂದು ಕ್ಲೋಸ್ಡ್ ಪಾಲಿಲೈನ್ (ಸುತ್ತಿ ಬಂದು ಮುಚ್ಚಿಕೊಳ್ಳೋ ಒಂದೇ ಗೆರೆ) ಹಾಕಿ, ಕೊನೇಲಿ ಶುರುವಿನ ಬಿಂದು ಮೇಲೆ ಮತ್ತೆ ಕ್ಲಿಕ್ ಮಾಡ್ದೆ 'ಸಿ' ಒತ್ತಿ ಮುಚ್ಚಿ. ಹ್ಯಾಚ್ ಕೈ ಕೊಡೋದು ಮುಕ್ಕಾಲು ಪಾಲು ಇಲ್ಲೇ, ಕಣ್ಣಿಗೆ ಸೇರಿದ ಹಾಗೆ ಕಾಣೋ ಎರಡು ಗೆರೆ ಮಧ್ಯ ಒಂದು ಕೂದಲೆಳೆ ಗ್ಯಾಪ್ ಇದ್ರೂ ಬೌಂಡರಿ ಮುಚ್ಚಿಲ್ಲ ಅಂತ ಹಟ ಮಾಡುತ್ತೆ. ಇನ್ನೊಂದು ಲಾಭ ಏನಂದ್ರೆ ಪಾಲಿಲೈನ್ ಸೆಲೆಕ್ಟ್ ಮಾಡಿ ಕಂಟ್ರೋಲ್+1 ಒತ್ತಿದ್ರೆ ಏರಿಯಾ ಸಿಗುತ್ತೆ, ಅದನ್ನ ಹತ್ತು ಲಕ್ಷದಿಂದ ಭಾಗಿಸಿದ್ರೆ ಚದರ ಮೀಟರು. ಎಲ್ಲ ಭಾಗ ಕೂಡಿದ್ರೆ 111.48 ಬರ್ಬೇಕು, ಹೆಚ್ಚು ಬಂತು ಅಂದ್ರೆ ಎಲ್ಲೋ ಒಂದರ ಮೇಲೊಂದು ಕೂತಿದೆ.

ಆಮೇಲೆ 'ಎಚ್' ಎಂಟರ್. ಪಿಕ್ ಪಾಯಿಂಟ್ಸ್ (ಜಾಗದೊಳಗೆ ಕ್ಲಿಕ್ ಮಾಡೋದು) ಬಿಟ್ಟು ಸೆಲೆಕ್ಟಲ್ಲಿ ಆ ಪಾಲಿಲೈನನ್ನೇ ಆರಿಸಿ, ಅಸೋಸಿಯೇಟಿವ್ ಆನ್ ಇರ್ಲಿ, ಯಾಕಂದ್ರೆ ಪೋರ್ಟಿಕೊ ಇನ್ನೊಂದಡಿ ಮುಂದೆ ತನ್ನಿ ಅಂತ ಮನೆಯವ್ರು ಹೇಳೇ ಹೇಳ್ತಾರೆ, ಆಗ ಗೆರೆ ಎಳೆದ ಕಡೆ ಹ್ಯಾಚೂ ಬರುತ್ತೆ. ಹ್ಯಾಚಿಗೆ ಬೇರೆ ಲೇಯರ್ ಇಡಿ.

ಯಾವ ಪ್ಯಾಟರ್ನು? ನನ್ನ ಪ್ರಕಾರ ಗಾಢವಾಗಿರೋದು ಮನೆ ಒಂದೇ ಇರ್ಬೇಕು. ಅದಕ್ಕೆ ಸಾಲಿಡ್, ಬಣ್ಣ ಟ್ರೂ ಕಲರಲ್ಲಿ (ಕೆಂಪು, ಹಸಿರು, ನೀಲಿ ಅಂಕಿ ಕೊಡೋ ಕಡೆ) 200,200,200, ಟ್ರೂ ಕಲರನ್ನ ಸಿಟಿಬಿ ಮುಟ್ಟಲ್ಲ, ಹಂಗಾಗಿ ಬೂದಿ ಬೂದಿಯಾಗೇ ಉಳಿಯುತ್ತೆ. ಪೇವಿಂಗಿಗೆ ಚೌಕ ಚೌಕದ ಗೆರೆ, ಗಾರ್ಡನ್ನಿಗೆ ಗ್ರಾಸ್ ಪ್ಯಾಟರ್ನು ವಿರಳವಾಗಿ, ಬರೀ ಮಣ್ಣಿರೋ ಸೆಟ್‌ಬ್ಯಾಕ್ ಖಾಲಿ ಬಿಡಿ, ಬಿಳೀನೂ ಒಂದು ಗುರುತೇ ಅಲ್ವಾ.

ಹ್ಯಾಚ್ ಸ್ಕೇಲ್, ಅಂದ್ರೆ ಗೆರೆಗಳು ಎಷ್ಟು ದೂರ ಅನ್ನೋದು, ಕೂರಿಸೋವಾಗ ಕಾಗದದ ಲೆಕ್ಕ ಹಾಕಿ. 1:100ರಲ್ಲಿ ಇಡೀ ಸೈಟು ಬರೀ 9.14×12.19 ಸೆಂಟಿಮೀಟರು, ಮೂರಡಿ ಗಾರ್ಡನ್ ಪಟ್ಟಿ ಒಂದು ಸೆಂಟಿಮೀಟರೂ ಇಲ್ಲ, ಅದರೊಳಗೆ ನೂರು ಗೆರೆ ತುರುಕಿದ್ರೆ ಮಸಿ ಚೆಲ್ಲಿದ ಹಾಗಿರುತ್ತೆ. ಒಂದಡಿ ಟೈಲ್ಸ್ ಆದ್ರೆ ಕಾಗದದ ಮೇಲೆ ಗೆರೆ ಗೆರೆಗೆ 3 ಮಿಲಿಮೀಟರು, ಅಷ್ಟು ಸಾಕು.

ಹ್ಯಾಚ್ ಅಕ್ಷರಗಳನ್ನ ನುಂಗಿದ್ರೆ ಹ್ಯಾಚ್‌ಟುಬ್ಯಾಕ್ ಕಮಾಂಡ್ ಕೊಡಿ, ಎಲ್ಲ ಹ್ಯಾಚೂ ಒಟ್ಟಿಗೆ ಹಿಂದೆ ಹೋಗುತ್ತೆ. ಟ್ರಾನ್ಸ್‌ಪರೆನ್ಸಿ ಹಾಕಿದೀರಾ? ಪ್ಲಾಟ್ ಡೈಲಾಗಲ್ಲಿ ಅದಕ್ಕೆ ಬೇರೆ ಟಿಕ್ ಇದೆ, ಅದನ್ನ ಮರೆತ್ರೆ ಪ್ರಿಂಟಲ್ಲಿ ಪೂರ್ತಿ ದಟ್ಟ ಬರುತ್ತೆ.

ಮುಗೀತು ಅನ್ನೋಕ್ ಮುಂಚೆ ಎ4ಲ್ಲಿ ಒಂದು ಪ್ರಿಂಟ್ ತೆಗೆದು ಅದರ ಜೆರಾಕ್ಸ್ ಮಾಡಿಸಿ ತೋಳುದ್ದ ದೂರ ಹಿಡಿದು ನೋಡಿ, ಮನೆ ಯಾವ್ದು ಖಾಲಿ ಜಾಗ ಯಾವ್ದು ಅಂತ ಹುಡುಕ್ಬೇಕಾದ್ರೆ ಇನ್ನೂ ಒಂದು ಪ್ಯಾಟರ್ನ್ ತೆಗೆದು ಹಾಕಿ ಕಮ್ಮಿ ಮಾಡಿ.